ಚಪ್ಪಲಿ ಒಳಗೆ ತನ್ನಿ

ಸಾಲ್ಮಿಯಾ, ಹತ್ತನೇ ಬ್ಲಾಕು, ಮೂರನೇ ಮಹಡಿ.
ಬಾಗಿಲಿಗೆ ಬೋರ್ಡಿಲ್ಲ.
ಸಂಜೆ ಐದಕ್ಕೆ ಮೊದಲ ಬ್ಯಾಚು.
ನಾನು ಹೇಳಿಕೊಡುವ ಮೊದಲ ಪಾಠ ಯಾವ ಪುಸ್ತಕದಲ್ಲೂ ಇಲ್ಲ:
ಚಪ್ಪಲಿ ಒಳಗೆ ತನ್ನಿ.
ಹೊರಗೆ ಏಳು ಜೊತೆ ಕಂಡರೆ
ಎಣಿಸಲು ಬರುವವರಿದ್ದಾರೆ ಈ ಊರಲ್ಲಿ.

ಬಾತ್‌ಟಬ್ಬಿನಲ್ಲಿ ಹಳೆಯ ಪೇಪರು ಹಾಸಿ ಶೂಗಳ ಸಾಲು.
ಊಟದ ಮೇಜೇ ಡೆಸ್ಕು, ಫ್ರಿಜ್ಜಿನ ಬಾಗಿಲೇ ಹಲಗೆ.
ರಾತ್ರಿ ಇವರು ಬರುವುದರೊಳಗೆ ಒರೆಸಬೇಕು,
ಒಮ್ಮೊಮ್ಮೆ ಮರೆಯುತ್ತೇನೆ;
ಸೈನ್ ಥೀಟಾವನ್ನು ಪಕ್ಕಕ್ಕೆ ಎಳೆದು
ಮೊಸರು ತೆಗೆದುಕೊಳ್ಳುತ್ತಾರೆ.

ನನ್ನ ಎಂ.ಎಸ್ಸಿ. ಸೂಟ್‌ಕೇಸಿನ ಜಿಪ್ಪಿನೊಳಗಿದೆ.
ಮೂರು ಸೀಲು ಬಿದ್ದಿವೆ, ನಾಲ್ಕನೆಯದು ಬೀಳುತ್ತಿಲ್ಲ.
ಮಾರ್ಕ್ಸ್ ಕಾರ್ಡಿನಲ್ಲಿ ನಾನು ಜಲಜಾಕ್ಷಿ ಕೆ.,
ಪಾಸ್‌ಪೋರ್ಟಿನಲ್ಲಿ ಜಲಜಾಕ್ಷಿ ವಾಮನ.
ಆ ಇಬ್ಬರು ಹೆಂಗಸರು ಸರ್ವಸಮ ಎಂದು ಸಾಧಿಸಲು
ಹನ್ನೆರಡು ವರ್ಷ ಸಾಲಲಿಲ್ಲ.
ತ್ರಿಕೋನಗಳಾಗಿದ್ದರೆ ಮೂರು ಸಾಲಿನ ಕೆಲಸ.

ಜೆಸ್ವಿನ್‌ಗೆ ಮೈನಸ್ ಕಂಡರೆ ಬೆವರು.
ಭಟ್ಕಳದ ಮುಝೈನಾ ಉತ್ತರ ಮೊದಲು ಬರೆದು
ಆಮೇಲೆ ದಾರಿ ಹುಡುಕುತ್ತಾಳೆ.
ಶಮಂತನ ಅಪ್ಪನಿಗೆ ನಾಲ್ಕು ತಿಂಗಳಿಂದ ಸಂಬಳವಿಲ್ಲ.
ಫೀಸಿನ ಕವರಿನಲ್ಲಿ ಅವನಮ್ಮ ಹಲಸಿನ ಹಪ್ಪಳ ಇಟ್ಟು ಕಳಿಸುತ್ತಾಳೆ.
ಎಣಿಸಿ ತೆಗೆದಿಡುತ್ತೇನೆ. ಲೆಕ್ಕ ಲೆಕ್ಕವೇ.

ಅವತ್ತು ಧೂಳು ಎದ್ದಿತ್ತು.
ಕಿಟಕಿಯಾಚೆ ಎದುರಿನ ಕಟ್ಟಡವೇ ಇಲ್ಲ.
‘ಗೋಪುರ ಕಾಣಿಸದಿದ್ದರೆ ಕೋನ ಅಳೆಯೋದು ಎಲ್ಲಿಗೆ, ಮೇಡಂ?’
ಶಮಂತ ಕೇಳಿದ. ಗದರಬೇಕೆನ್ನುವಷ್ಟರಲ್ಲಿ
ಬೆಲ್ಲು.
ಮತ್ತೊಂದು ಸಲ.

ಏಳು ಪೆನ್ಸಿಲುಗಳು ಗಾಳಿಯಲ್ಲೇ ನಿಂತವು.
ಯಾರಾದರೂ ಕೇಳಿದರೆ ಬರ್ತ್‌ಡೇ ಅನ್ನಿ ಎಂದಿದ್ದೆ,
ಯಾರದೆಂದು ಹೇಳಿಕೊಟ್ಟಿರಲಿಲ್ಲ.
‘ನಂದು’ ಎಂದು ಜೆಸ್ವಿನ್ ಪಿಸುಗುಟ್ಟಿದ, ಕಣ್ಣಲ್ಲಿ ನೀರು.

ಬಾಗಿಲಲ್ಲಿ ಕಟ್ಟಡದ ಹಾರಿಸ್, ಅಬೂ ಶೈಮಾ.
ಬ್ಲೀಚಿನ ವಾಸನೆಯ ಕೈಯಲ್ಲಿ ಗಾಜು ಒಡೆದ ಫೋನು.
ಫಯೂಮಿನಲ್ಲಿ ಮಗಳಿಗೆ ನಾಳೆ ಪರೀಕ್ಷೆಯಂತೆ,
ಮಾಸ್ತರರ ಮನೆಪಾಠಕ್ಕೆ ಇವನ ಅರ್ಧ ಸಂಬಳ ಬೇಕಂತೆ.
ಅರ್ಧ ಹಿಂದಿ, ಅರ್ಧ ಅರಬಿ, ಉಳಿದದ್ದು ಕೈಸನ್ನೆ:
ಮೇಡಂ, ಈ ಒಂದು ಲೆಕ್ಕ.

ಫೋಟೋ ಮಸುಕು.
ಬಲದಿಂದ ಎಡಕ್ಕೆ ನಡೆಯುವ ಸಮೀಕರಣ, ٢س + ٥ = ١٧.
ಹನ್ನೆರಡು ವರ್ಷ ನಂಬರ್ ಪ್ಲೇಟುಗಳಲ್ಲಿ ನೋಡಿಯೂ
ಅವಸರದಲ್ಲಿ ಕಣ್ಣು ಓಡಿದ್ದು
ಬಂಟ್ವಾಳದ ಕನ್ನಡ ಶಾಲೆಯ ಸ್ಲೇಟಿಗೆ.
‘ಎಂಟೂವರೆ’ ಅಂದೆ.
ಮುಝೈನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು:
‘ಅದು ಸೊನ್ನೆ ಅಲ್ಲ ಮೇಡಂ, ಐದು.
ಅವರ ಸೊನ್ನೆ ಬರೀ ಒಂದು ಚುಕ್ಕಿ.
ಸೀನ್ ಅಂದರೆ ನಮ್ಮ ಎಕ್ಸ್.’

ಫ್ರಿಜ್ಜಿನ ಮೇಲೆ ಮೊದಲ ಸಲ
ಬಲಗಡೆಯ ಅಂಚಿನಿಂದ ಬರೆಯತೊಡಗಿದೆವು.
ಆಚೆ ಹೋದರೆ ಚಿಹ್ನೆ ಬದಲು, ಅದು ಎಲ್ಲ ಕಡೆಯೂ ಅಷ್ಟೆ.
ಸೀನ್ ಸಮ ಆರು.
ಉತ್ತರ ಮಾತ್ರ ಹೇಳಬೇಡ, ದಾರಿಯನ್ನೂ ಹೇಳು ಎಂದೆ;
ಶಾಲೆಯ ಅರಬಿಯಲ್ಲಿ ತಡವರಿಸುತ್ತ
ಮುಝೈನಾ ಆ ಫೋನಿಗೆ ನಿಧಾನವಾಗಿ ಪಾಠ ಮಾಡಿದಳು.
ಅವಳು ಮೊದಲ ಸಲ ದಾರಿ ಹಿಡಿದು
ಉತ್ತರಕ್ಕೆ ಬಂದದ್ದು ಹಾಗೆ.

ಅಬೂ ಶೈಮಾ ಮೇಜನ್ನು ನೋಡಿದ, ಏಳು ತಲೆಗಳನ್ನು ನೋಡಿದ.
ನಮ್ಮ ಬರ್ತ್‌ಡೇಯ ಬಗ್ಗೆ ಏನೂ ಕೇಳಲಿಲ್ಲ.
ಹೊರಡುವಾಗ, ಧೂಳಿನ ಗಡಿಬಿಡಿಯಲ್ಲಿ
ಯಾರೋ ಹೊರಗೇ ಬಿಟ್ಟಿದ್ದ ಒಂದು ಜೊತೆಯನ್ನು
ಕಾಲಿನಿಂದ ಮೆಲ್ಲನೆ ಒಳಕ್ಕೆ ದೂಡಿ
ತಾನೇ ಬಾಗಿಲೆಳೆದುಕೊಂಡ.

ಹೊಂದಾಣಿಕೆ ಮಾಡಿ ನೋಡಿದರೆ
ಎರಡೂ ಎಡಗಾಲಿನವು.
ಇನ್ನೆರಡು ಬಲಗಾಲಿನವು ಟಬ್ಬಿನಲ್ಲಿರಬೇಕು;
ಹುಡುಕಿ, ಅಂದೆ, ಆಮೇಲೆ ಮೋಲ್ ಕಾನ್ಸೆಪ್ಟ್.